ಓದುಗರ ಪ್ರಶ್ನೆ, ತಂತ್ರಜ್ಞರ ಉತ್ತರ: ಹಿರಿಯರಿರುವ ಮನೆಗೆ ಸೆನ್ಸರ್

ಪ್ರಶ್ನೆ: ಅಮ್ಮನಿಗೆ 78 ವರ್ಷ. ರಾತ್ರಿ ಎರಡು ಮೂರು ಸಲ ಟಾಯ್ಲೆಟ್‌ಗೆ ಏಳುತ್ತಾರೆ. ಕತ್ತಲಲ್ಲಿ ಸ್ವಿಚ್ಚಿಗೆ ತಡಕಾಡಬಾರದೆಂದು ಮೋಷನ್ ಸೆನ್ಸರ್ ದೀಪ ಹಾಕಿಸಿದ್ದೇವೆ. ಅವರು ಬಾಗಿಲ ಹತ್ತಿರ ಬರುವವರೆಗೂ ಅದು ಹತ್ತುವುದಿಲ್ಲ, ಒಳಗೆ ಕೂತಿದ್ದಾಗಲೇ ಆರಿಹೋಗುತ್ತದೆ. ಸೆನ್ಸರ್ ಕೆಟ್ಟಿದೆಯೇ? (ಸಾಗರದಿಂದ)

ಉತ್ತರ: ಕೆಟ್ಟಿರಲಿಕ್ಕಿಲ್ಲ, ಕೂರಿಸಿದ ಜಾಗ ತಪ್ಪಿರಬೇಕು. ಇಂಥ ದೀಪಗಳಲ್ಲಿ ಇರುವುದು ಪಿಐಆರ್ ಸೆನ್ಸರ್. ಮೈಯ ಶಾಖ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿದಾಗ ಆಗುವ ಏರುಪೇರನ್ನಷ್ಟೇ ಅದು ಗ್ರಹಿಸುತ್ತದೆ. ಮೇಲಿನ ಬಿಳಿ ಪ್ಲಾಸ್ಟಿಕ್ ಮಸೂರ ಕೋಣೆಯನ್ನು ಪಟ್ಟಿಪಟ್ಟಿಯಾಗಿ ಸೀಳಿ ನೋಡುತ್ತದೆ. ಆ ಪಟ್ಟಿಗಳನ್ನು ಅಡ್ಡಹಾಯ್ದರೆ ದೀಪ ಕೂಡಲೇ ಹತ್ತುತ್ತದೆ. ಸೆನ್ಸರಿನ ಕಡೆಗೇ ನೇರ ನಡೆದುಬಂದರೆ ತಡವಾಗುತ್ತದೆ. ನಿಮ್ಮದು ಟಾಯ್ಲೆಟ್ ಬಾಗಿಲ ಮೇಲೆ, ಮಂಚಕ್ಕೆ ಎದುರಾಗಿ ಇದೆಯೇ ನೋಡಿ. ಇದ್ದರೆ ತೆಗೆದು ಮಂಚದ ಪಕ್ಕದ ಗೋಡೆಗೆ, ನೆಲದಿಂದ ಸುಮಾರು 30 ಸೆಂ.ಮೀ. ಎತ್ತರದಲ್ಲಿ, ಅಮ್ಮ ಕಾಲು ಇಳಿಸುವ ಜಾಗ ಅಡ್ಡಕ್ಕೆ ಸಿಗುವಂತೆ ಕೂರಿಸಿ. ಕಾಲು ನೆಲಕ್ಕೆ ತಾಕುವ ಮೊದಲೇ ಬೆಳಕು ಬರಬೇಕು. ಬಾಗಿಲ ಹತ್ತಿರ ಬರುವ ಬೆಳಕಿನಿಂದ ಪ್ರಯೋಜನವಿಲ್ಲ, ಅಷ್ಟರಲ್ಲಿ ಎಡವುವ ಹೆಜ್ಜೆ ಕಳೆದುಹೋಗಿರುತ್ತದೆ.

ಕಿಟಕಿಯ ಬಿಸಿಲು, ಫ್ರಿಜ್ಜಿನ ಹಿಂಬದಿಯ ಬಿಸಿಗಾಳಿ, ಮನೆಯ ಬೆಕ್ಕು ಕೂಡ ಇದನ್ನು ಎಬ್ಬಿಸುತ್ತವೆ. ಗಾಜಿನಾಚೆಯದು ಇದಕ್ಕೆ ಕಾಣುವುದಿಲ್ಲ. ಬೇಸಿಗೆಯಲ್ಲಿ ಕೋಣೆಯ ಶಾಖ ಮೈಶಾಖದ ಹತ್ತಿರ ಬಂದಾಗ ಗ್ರಹಿಸುವ ದೂರವೂ ತಗ್ಗುತ್ತದೆ. ರಾಯಚೂರು, ಕಲಬುರಗಿಯ ಓದುಗರು ಏಪ್ರಿಲ್‌ನಲ್ಲಿ ಮತ್ತೊಮ್ಮೆ ನಡೆದು ಪರೀಕ್ಷಿಸಿಕೊಳ್ಳಿ.

ಕೂತಾಗ ಆರಿಹೋಗುವುದು ಪಿಐಆರ್‌ನ ಗುಣವೇ. ಅಲುಗದವರು ಅದರ ಪಾಲಿಗೆ ಅಲ್ಲಿ ಇಲ್ಲ. ದೀಪ ಆರುವ ಅವಧಿಯನ್ನು 5 ನಿಮಿಷಕ್ಕೆ ಏರಿಸುವುದು ಸುಲಭದ ದಾರಿ. ನಿಮ್ಮದು ಎಚ್‌ಸಿ-ಎಸ್‌ಆರ್501 ಎಂಬ ಪಿಐಆರ್ ಮಾಡ್ಯೂಲ್ ಆದರೆ ಇದಕ್ಕೆ ತಿರುಗಿಸುವ ಸಣ್ಣ ತಿರುಪಿದೆ. ಟಾಯ್ಲೆಟ್ ಒಳಗೆ ಮಾತ್ರ ರೇಡಾರ್ ಸೆನ್ಸರ್ ಹಾಕಿಸಿ ಎಂಬುದು ನಮ್ಮ ಸಲಹೆ. ಎಲ್‌ಡಿ2410 ಎಂಬ ಮಾಡ್ಯೂಲ್ 24 ಗಿಗಾಹರ್ಟ್ಸ್ ರೇಡಿಯೋ ಅಲೆ ಬಿಟ್ಟು, ಉಸಿರಾಟಕ್ಕೆ ಎದೆ ಏರಿಳಿಯುವುದನ್ನೂ ಗುರುತಿಸುತ್ತದೆ. ಅದರ ಎಡವಟ್ಟುಗಳು ಬೇರೆ. ಪ್ಲಾಸ್ಟಿಕ್ಕು, ತೆಳು ಪ್ಲೈವುಡ್ಡು ಅದಕ್ಕೆ ಅಡ್ಡಿಯಲ್ಲ; ಹಾಗಾಗಿ ಬಾಗಿಲಾಚೆ ನಿಂತವರನ್ನೂ ಒಳಗಿದ್ದಾರೆ ಎಂದುಬಿಡುತ್ತದೆ. ದೂರವನ್ನು ಅದು 75 ಸೆಂ.ಮೀ.ನ ಮೆಟ್ಟಿಲುಗಳಾಗಿ ಅಳೆಯುತ್ತದೆ. 2 ಮೀಟರ್ ಉದ್ದದ ಟಾಯ್ಲೆಟ್‌ಗೆ 3ನೇ ಮೆಟ್ಟಿಲಿಗೇ ನಿಲ್ಲಿಸಿ. ಎಕ್ಸಾಸ್ಟ್ ಫ್ಯಾನಿನ ರೆಕ್ಕೆ, ಗಾಳಿಗಾಡುವ ಪರದೆ ಅದಕ್ಕೆ ಮನುಷ್ಯರಂತೆಯೇ ಕಾಣುತ್ತವೆ, ಆ ದಿಕ್ಕಿಗೆ ಮುಖ ಮಾಡಬೇಡಿ. ಲೋಹದ ಡಬ್ಬಿಯಲ್ಲಿ ಮುಚ್ಚಿದರೆ ಏನೂ ಕಾಣದು.

ನೀರು ಬೀಳುವ ಜಾಗಕ್ಕೆ 5 ಅಥವಾ 12 ವೋಲ್ಟ್ ತಂತಿ ಮಾತ್ರ ಹೋಗಲಿ, ಅಡಾಪ್ಟರ್ ಹೊರಗಿರಲಿ. ದೀಪವಾಗಿ ಟ್ಯೂಬ್‌ಲೈಟ್ ಬೇಡ. ಕತ್ತಲಿಗೆ ಹೊಂದಿದ ಕಣ್ಣಿಗೆ ಅದು ರಾಚುತ್ತದೆ, ಹೆಜ್ಜೆ ತಪ್ಪುತ್ತದೆ. ಮಂಚದಿಂದ ಟಾಯ್ಲೆಟ್‌ವರೆಗೆ ಗೋಡೆಯ ಬುಡದಲ್ಲಿ ಹಳದಿ ಬಣ್ಣದ 12 ವೋಲ್ಟ್ ಎಲ್‌ಇಡಿ ಪಟ್ಟಿ ಸಾಕು.

ಪ್ರಶ್ನೆ: ತಂದೆ ಊರಲ್ಲಿ ಒಬ್ಬರೇ ಇರುತ್ತಾರೆ, ನಾನು ದುಬೈಯಲ್ಲಿದ್ದೇನೆ. ಕ್ಯಾಮೆರಾ ಅವರಿಗೆ ಇಷ್ಟವಿಲ್ಲ. ಬೆಳಗ್ಗೆ ಎದ್ದು ಓಡಾಡುತ್ತಿದ್ದಾರೆ ಎಂಬುದಷ್ಟು ತಿಳಿದರೆ ಸಾಕು. (ಕುಂದಾಪುರ ಮೂಲದ ಓದುಗರು)

ಉತ್ತರ: ಕ್ಯಾಮೆರಾ ಬೇಡವೆಂದ ನಿಮ್ಮ ತಂದೆಯವರ ಮಾತಿಗೆ ನಮ್ಮ ಪೂರ್ತಿ ಒಪ್ಪಿಗೆ. ನಿಮಗೆ ಬೇಕಾದ ಸುದ್ದಿಗೆ ಮೂರು ಸೆನ್ಸರ್ ಸಾಕು: ಟಾಯ್ಲೆಟ್ ಬಾಗಿಲಿಗೆ ಒಂದು, ಫ್ರಿಜ್ಜಿನ ಬಾಗಿಲಿಗೆ ಒಂದು, ಹಜಾರದಲ್ಲಿ ಒಂದು ಪಿಐಆರ್. ಬಾಗಿಲಿನದು ಕಾಂತದ ತುಂಡು ದೂರ ಸರಿದಾಗ ಸುದ್ದಿ ಕಳಿಸುವ ಸರಳ ಸಾಧನ. ಮೂರೂ ಝಿಗ್‌ಬೀ (ಕಡಿಮೆ ವಿದ್ಯುತ್ತಿನ ನಿಸ್ತಂತು ಸಂಪರ್ಕ) ಬಗೆಯವಾಗಲಿ, ಗುಂಡಿ ಸೆಲ್ಲಿನಲ್ಲಿ ಒಂದೆರಡು ವರ್ಷ ನಡೆಯುತ್ತವೆ. ಇವನ್ನು ಸೇರಿಸಲು ಮನೆಯಲ್ಲೇ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರು, ಅದರಲ್ಲಿ ಉಚಿತವಾಗಿ ಸಿಗುವ ಹೋಮ್ ಅಸಿಸ್ಟೆಂಟ್ ತಂತ್ರಾಂಶ. ಮೆಮೊರಿ ಕಾರ್ಡಿನ ಬದಲು ಎಸ್‌ಎಸ್‌ಡಿ (ಹೆಚ್ಚು ಬಾಳುವ ಸಂಗ್ರಹ ಸಾಧನ) ಹಾಕಿ. ಸದಾ ಬರೆಯುತ್ತಲೇ ಇರುವುದರಿಂದ ಕಾರ್ಡು ಬೇಗ ಸವೆಯುತ್ತದೆ. ಸೆನ್ಸರುಗಳ ಸಂಕೇತ ಹಿಡಿಯುವ ಝಿಗ್‌ಬೀ ಡಾಂಗಲನ್ನು ನೇರವಾಗಿ ಯುಎಸ್‌ಬಿ 3 ಕಿಂಡಿಗೆ ಚುಚ್ಚಬೇಡಿ. ಆ ಕಿಂಡಿ ಝಿಗ್‌ಬೀ ಬಳಸುವ 2.4 ಗಿಗಾಹರ್ಟ್ಸ್‌ನಲ್ಲಿ ಗದ್ದಲ ಮಾಡಿ ಸೆನ್ಸರುಗಳು ಕಳಚಿಕೊಳ್ಳುವಂತೆ ಮಾಡುತ್ತದೆ. ಒಂದು ಮೀಟರ್ ಎಕ್ಸ್‌ಟೆನ್ಷನ್ ತಂತಿ ಬಳಸಿ, ಯುಎಸ್‌ಬಿ 2 ಕಿಂಡಿಗೇ ಹಾಕಿ.

ಮೊದಲ ಎರಡು ವಾರ ಯಾವ ಎಚ್ಚರಿಕೆಯನ್ನೂ ಕಟ್ಟಬೇಡಿ, ದಾಖಲೆ ಮಾತ್ರ ಸೇರಲಿ. ಅವರು ಎಂದಿನಂತೆ 5.30ಕ್ಕೆ ಏಳುವವರಾದರೆ, ಅತಿ ತಡವಾದ ದಿನ 6.45 ಆಗಿದ್ದರೆ, 7.30ರವರೆಗೆ ಮೂರರಲ್ಲಿ ಒಂದೂ ಅಲುಗದಿದ್ದಾಗ ಸಂದೇಶ ಬರಲಿ. ಅದು ನಿಮಗೊಬ್ಬರಿಗೇ ಬಂದರೆ ಸಾಲದು, ಎರಡು ನಿಮಿಷದಲ್ಲಿ ಬಾಗಿಲು ತಟ್ಟಬಲ್ಲ ಪಕ್ಕದ ಮನೆಯವರಿಗೂ ಹೋಗಬೇಕು. ಕೆಲಸದವರು ಬರುವ ಹೊತ್ತಿನ ಓಡಾಟವನ್ನು ಲೆಕ್ಕಕ್ಕೆ ಹಿಡಿಯಬೇಡಿ; ಯಾರು ನಡೆದರೆಂದು ಸೆನ್ಸರಿಗೆ ಗೊತ್ತಾಗುವುದಿಲ್ಲ.

ಈ ವ್ಯವಸ್ಥೆಯಲ್ಲಿ ಎಲ್ಲಕ್ಕಿಂತ ಅಪಾಯದ್ದು ಸೆನ್ಸರಿನ ಮೌನ. ಸುದ್ದಿ ಇಲ್ಲವೆಂದರೆ ತಂದೆ ಎದ್ದಿಲ್ಲವೆಂದೇ? ಸೆಲ್ ಮುಗಿದಿದೆಯೇ? ಮಳೆಗಾಲದಲ್ಲಿ ಕರೆಂಟು ಹೋಗಿ ರೂಟರ್ ಆರಿದೆಯೇ? ಇವುಗಳನ್ನು ಬೇರೆಬೇರೆ ಮಾಡಲೇಬೇಕು. ಏನೂ ಅಲುಗದಿದ್ದರೂ ಸೆನ್ಸರುಗಳು ಆಗಾಗ ‘ಇದ್ದೇನೆ’ ಎಂಬ ಸಂಕೇತ ಕಳಿಸುತ್ತಿರುತ್ತವೆ. ಯಾವುದಾದರೂ 6 ಗಂಟೆ ಆ ಸಂಕೇತ ಕಳಿಸದಿದ್ದರೆ ‘ಸೆನ್ಸರ್ ಕೆಟ್ಟಿದೆ’ ಎಂಬ ಬೇರೆಯೇ ಸಂದೇಶ ಬರಲಿ. ಇಡೀ ಮನೆಯ ಸಂಪರ್ಕ ಕಡಿದಾಗ ತಿಳಿಸುವ ಕೆಲಸ ಮನೆಯ ಹೊರಗಿನ ಸೇವೆಯೊಂದರದ್ದಾಗಬೇಕು. ಕಡಿದುಹೋದ ಮನೆ ತಾನೇ ಕೂಗಿ ಹೇಳಲಾರದು. ರೂಟರ್, ಫೈಬರ್ ಪೆಟ್ಟಿಗೆ, ಪೈ ಮೂರನ್ನೂ ಯುಪಿಎಸ್‌ಗೆ ಸೇರಿಸಿ. ಸೆಲ್‌ನ ಶೇಕಡಾ ಅಂಕಿಯನ್ನು ನಂಬಬೇಡಿ. ಸಿಆರ್2032 ಎಂಬ ಗುಂಡಿ ಸೆಲ್ ಕೊನೆಯವರೆಗೂ ಹೆಚ್ಚುಕಡಿಮೆ ಅದೇ ವೋಲ್ಟೇಜ್ ತೋರಿಸಿ ಥಟ್ಟನೆ ಕುಸಿಯುತ್ತದೆ. ಪ್ರತಿ ವರ್ಷ ಊರಿಗೆ ಬಂದಾಗ ಮೂರನ್ನೂ ಬದಲಿಸಿಬಿಡಿ.

ಏನು ಕಾಣುತ್ತದೆ, ಯಾರಿಗೆ ಹೋಗುತ್ತದೆ ಎಂಬುದನ್ನು ತಂದೆಗೆ ಪರದೆಯ ಮೇಲೇ ತೋರಿಸಿ, ಒಪ್ಪಿಗೆ ಪಡೆದೇ ಮುಂದುವರಿಯಿರಿ.

ಪ್ರಶ್ನೆ: ‘ಯುಬಿಕ್ವಿಟಸ್ ಕಂಪ್ಯೂಟಿಂಗ್’ ಅಂದರೆ ಫೋನಿನಿಂದ ದೀಪ ಹಚ್ಚುವುದೇ? (ಧಾರವಾಡದಿಂದ)

ಉತ್ತರ: ಅಲ್ಲ. ಝೆರಾಕ್ಸ್ ಕಂಪನಿಯ ಪಾರ್ಕ್ ಸಂಶೋಧನಾ ಕೇಂದ್ರದ ಮಾರ್ಕ್ ವೈಸರ್ 1991ರ ಲೇಖನವೊಂದರಲ್ಲಿ ಈ ಕಲ್ಪನೆಯನ್ನು ವಿವರಿಸಿದರು: ಕಂಪ್ಯೂಟರು ಸುತ್ತಲಿನ ವಸ್ತುಗಳಲ್ಲಿ ಬೆರೆತು ಗಮನಕ್ಕೇ ಬಾರದಂತಾಗಬೇಕು. ಗೋಡೆಯ ಸ್ವಿಚ್ಚಿನಿಂದ ಒಂದು ಕ್ಷಣದಲ್ಲಿ ಆಗುತ್ತಿದ್ದುದಕ್ಕೆ ಫೋನು ಹುಡುಕಿ, ಆ್ಯಪ್ ತೆರೆಯಬೇಕಾದರೆ ಅದು ತದ್ವಿರುದ್ಧ. ಏನೇ ಹಾಕಿಸಿ, ಹಳೆಯ ಸ್ವಿಚ್ಚು ಮೊದಲಿನಂತೆಯೇ ಕೆಲಸ ಮಾಡಬೇಕು.

ಪ್ರಶ್ನೆ: ತಾರಸಿಯ 1000 ಲೀಟರ್ ಟ್ಯಾಂಕಿಗೆ ಜೆಎಸ್‌ಎನ್-ಎಸ್‌ಆರ್04ಟಿ ಅಲ್ಟ್ರಾಸಾನಿಕ್ ಸೆನ್ಸರ್, ಇಎಸ್‌ಪಿ32 ಬೋರ್ಡು, 10 ಆಂಪಿಯರ್ ರಿಲೇ ಸೇರಿಸಿ 1 ಎಚ್‌ಪಿ ಮೋಟಾರು ನಡೆಸುತ್ತಿದ್ದೇನೆ. ಅಳತೆ ಕುಣಿಯುತ್ತದೆ. ಒಂದು ದಿನ ಮೋಟಾರು ನಿಲ್ಲಲೇ ಇಲ್ಲ. (ತುಮಕೂರಿನಿಂದ)

ಉತ್ತರ: ಮೋಟಾರಿನದ್ದೇ ಮೊದಲು. 1 ಎಚ್‌ಪಿ ಮೋಟಾರು ಸ್ಟಾರ್ಟ್ ಆಗುವ ಗಳಿಗೆಯಲ್ಲಿ ಎಂದಿನದಕ್ಕಿಂತ ಹಲವು ಪಟ್ಟು ಕರೆಂಟು ಎಳೆಯುತ್ತದೆ. ಬೋರ್ಡಿನ ಅಪ್ಪಣೆಗೆ ಸ್ವಿಚ್ಚಿನಂತೆ ಕೆಲಸ ಮಾಡುವ ಸಣ್ಣ ರಿಲೇಯ ಕಾಂಟ್ಯಾಕ್ಟುಗಳು ಆ ಕಿಡಿಗೆ ಬೆಸೆದುಕೊಂಡಿವೆ, ಬೋರ್ಡು ‘ಆಫ್’ ಎಂದರೂ ಬಿಡವು. ಈ ರಿಲೇ ಕಾಂಟ್ಯಾಕ್ಟರ್‌ನ (ಭಾರಿ ಕರೆಂಟು ತಾಳುವ ದೊಡ್ಡ ರಿಲೇ) ಕಾಯಿಲ್ ಎಳೆಯಲಿ, ಮೋಟಾರಿನ ಭಾರವನ್ನು, ಕರೆಂಟು ಮಿತಿಮೀರಿದರೆ ಕಡಿಯುವ ಓವರ್‌ಲೋಡ್ ರಿಲೇ ಇರುವ ಕಾಂಟ್ಯಾಕ್ಟರ್ ಹೊರಲಿ. ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ. ಇದರ ಜೊತೆ ಟ್ಯಾಂಕಿನ ಮೇಲ್ಮಟ್ಟದಲ್ಲಿ ಫ್ಲೋಟ್ ಸ್ವಿಚ್ಚೊಂದನ್ನು ರಿಲೇಯ 12 ವೋಲ್ಟ್ ದಾರಿಯಲ್ಲಿ ಸರಣಿಯಾಗಿ ಕೂರಿಸಿ. ಪ್ರೋಗ್ರಾಮು ಹೆಪ್ಪುಗಟ್ಟಿದರೂ ನೀರು ಏರಿದಾಗ ಅದೇ ಕಡಿಯುತ್ತದೆ. ಟ್ಯಾಂಕು ತುಂಬಲು 25 ನಿಮಿಷ ಬೇಕಾದರೆ 35ಕ್ಕೆ ಕಡ್ಡಾಯವಾಗಿ ನಿಲ್ಲುವಂತೆಯೂ ಬರೆಯಿರಿ. ಸಂಪಿನ ತಳಕ್ಕೂ ಒಂದು ಫ್ಲೋಟ್ ಇರಲಿ, ನೀರಿಲ್ಲದೆ ಓಡಿದರೆ ಪಂಪಿನ ಸೀಲು ಸುಡುತ್ತದೆ.

ಅಲ್ಟ್ರಾಸಾನಿಕ್ ಸೆನ್ಸರ್ ಶಬ್ದ ಬಿಟ್ಟು, ಅದರ ಪ್ರತಿಧ್ವನಿ ಮರಳುವ ಹೊತ್ತಿನಿಂದ ದೂರ ಅಳೆಯುತ್ತದೆ. ಅಳತೆ ಕುಣಿಯಲು ಮುಖ್ಯ ಕಾರಣ ಆ ಸೆನ್ಸರಿನ ಕುರುಡು ವಲಯ: ಸುಮಾರು 25 ಸೆಂ.ಮೀ.ಗಿಂತ ಹತ್ತಿರದ್ದು ಅದಕ್ಕೆ ತಿಳಿಯದು. ತುಂಬಿದ ನೀರಿಗಿಂತ ಅಷ್ಟಾದರೂ ಮೇಲೆ, ಒಳಬರುವ ಪೈಪಿನಿಂದ ದೂರವಾಗಿ ಕೂರಿಸಿ. ಮುಖದ ಮೇಲೆ ಹಬೆಯ ಹನಿ ನಿಂತರೂ ತಪ್ಪು ಓದುತ್ತದೆ. 9 ಸಲ ಅಳೆದು, ಏರಿಕೆಯ ಕ್ರಮದಲ್ಲಿ ಜೋಡಿಸಿ ನಡುವಿನದನ್ನು ತೆಗೆದುಕೊಳ್ಳಿ; ಸರಾಸರಿ ಬೇಡ, ಒಂದು ಹುಚ್ಚು ಅಂಕಿ ಅದನ್ನು ಕೆಡಿಸುತ್ತದೆ. ಶಬ್ದದ ವೇಗ 20 ಡಿಗ್ರಿಯಲ್ಲಿ ಸೆಕೆಂಡಿಗೆ 343 ಮೀಟರ್, 40 ಡಿಗ್ರಿಯಲ್ಲಿ 355. ಒಂದು ಮೀಟರಿಗೆ ಮೂರೂವರೆ ಸೆಂ.ಮೀ. ವ್ಯತ್ಯಾಸ, ಮನೆಬಳಕೆಗೆ ನಡೆಯುತ್ತದೆ. ಸೆನ್ಸರಿನ ಎಕೋ ಪಿನ್ (ಅಳತೆಯ ಸಂಕೇತ ಹೊರಬರುವ ಕಡ್ಡಿ) 5 ವೋಲ್ಟ್ ಕೊಡುತ್ತದೆ, ಇಎಸ್‌ಪಿ32 ತಾಳುವುದು 3.3. ನಡುವೆ 1 ಕಿಲೋಓಮ್ ಮತ್ತು 2 ಕಿಲೋಓಮ್ ರೆಸಿಸ್ಟರುಗಳ ವಿಭಾಜಕ ಹಾಕಿ.

ಪ್ರಶ್ನೆ: ಗ್ಯಾಸ್ ಸೋರಿದಾಗ ಎಕ್ಸಾಸ್ಟ್ ಫ್ಯಾನ್ ತಾನೇ ತಿರುಗುವಂತೆ ಮಾಡಬಹುದೇ? (ಮಂಡ್ಯದಿಂದ)

ಉತ್ತರ: ಖಂಡಿತ ಮಾಡಬೇಡಿ. ರಿಲೇ, ಫ್ಯಾನ್ ಎರಡರಲ್ಲೂ ಕಿಡಿ ಹುಟ್ಟಬಹುದು. ಗಾಳಿಯಲ್ಲಿ ಎಲ್‌ಪಿಜಿ ಸುಮಾರು ಶೇ. 2 ಇದ್ದರೂ ಹೊತ್ತಿಕೊಳ್ಳಲು ಸಾಕು. ಅದು ಗಾಳಿಗಿಂತ ಭಾರ, ನೆಲದ ಮೇಲೆ ಹರಡುತ್ತದೆ. ಆದ್ದರಿಂದ ಅಲಾರಂ ನೆಲದಿಂದ 15ರಿಂದ 30 ಸೆಂ.ಮೀ. ಎತ್ತರದಲ್ಲಿರಲಿ. ಪೈಪಿನಲ್ಲಿ ಬರುವ ನೈಸರ್ಗಿಕ ಅನಿಲ ಹಗುರ, ಅದಕ್ಕೆ ಅಲಾರಂ ಕೋಣೆಯ ಚಾವಣಿಯ ಹತ್ತಿರ. ಎಂಕ್ಯು ಸರಣಿಯ ಗ್ಯಾಸ್ ಸೆನ್ಸರ್ ಮಾಡ್ಯೂಲ್ ಕಲಿಕೆಗೆ ಸರಿ, ಜೀವರಕ್ಷಣೆಗೆ ಸಾಲದು: ಮೊದಲ ಸಲ ಒಂದು ದಿನವಿಡೀ ಕಾಯಿಸಬೇಕು, ಊದುಬತ್ತಿ, ಸ್ಯಾನಿಟೈಸರ್‌ಗೂ ಕೂಗುತ್ತದೆ. ಪ್ರಮಾಣೀಕೃತ ಅಲಾರಂ ಕೊಂಡು, ಅದರ ಮೇಲಿನ ಅವಧಿ ಮುಗಿದಾಗ ಬದಲಿಸಿ. ಅದು ಕೂಗಿದಾಗ ಯಾವ ಸ್ವಿಚ್ಚನ್ನೂ ಮುಟ್ಟದೆ ರೆಗ್ಯುಲೇಟರ್ ಮುಚ್ಚಿ, ಕಿಟಕಿ ಬಾಗಿಲು ತೆರೆದು ಹೊರಬನ್ನಿ. ಹೊರಗೆ ಬಂದ ಮೇಲೆಯೇ ಎಲ್‌ಪಿಜಿ ತುರ್ತು ಸಹಾಯವಾಣಿ 1906ಕ್ಕೆ ಕರೆ ಮಾಡಿ.