ಎರಡನೇ ರಿವ್ಯೂವರ್ ಯಾರು?

ಎರಡು ವರ್ಷದಲ್ಲಿ ಕೌನ್ಸೆಲರ್ ಆಗಿರೋ ನನ್ನ ಹತ್ರ ಈ ಥರದ ಕೇಸ್ ಬಂದಿರೋದು ಇದು ನಾಲ್ಕನೇ ಸಲ, ಅದಕ್ಕೇ ಬರೀತಿದೀನಿ. ಗುರುತು ಸಿಗೋ ವಿವರ ಎಲ್ಲಾ ಬದಲಾಯಿಸಿದೀನಿ, ಅವರ ಒಪ್ಪಿಗೇನೂ ಇದೆ.

ಆರೋಗ್ಯ ವಿಜ್ಞಾನದಲ್ಲಿ ಪಿಎಚ್‌ಡಿ ಮಾಡ್ತಿರೋ ಹೆಣ್ಮಗಳು, ಮನೇಲಿ ಚಿಕ್ಕ ಮಗು. ನಿದ್ದೆ ಬರಲ್ಲ ಅಂತ ಬಂದ್ರು. ರಾತ್ರಿ ಎರಡು ಗಂಟೆಗೆ ಎದ್ದು ಗೂಗಲ್ ಸ್ಕಾಲರ್ ತೆಗೆದು ತಮ್ಮ ಸಿಸ್ಟಮ್ಯಾಟಿಕ್ ರಿವ್ಯೂಗೆ (ಒಂದು ಪ್ರಶ್ನೆ ಮೇಲೆ ಬಂದ ಸ್ಟಡಿಗಳನ್ನೆಲ್ಲ ಕ್ರಮವಾಗಿ ಹುಡುಕಿ ಒಟ್ಟುಮಾಡೋ ಪೇಪರ್) ಸೈಟೇಷನ್ ಬಂತಾ, ಅಂದ್ರೆ ಬೇರೆ ಪೇಪರ್‌ಗಳು ಅದನ್ನ ಉಲ್ಲೇಖಿಸಿದಾವಾ ಅಂತ ನೋಡೋದು, ಸೊನ್ನೆ ನೋಡಿ ಮಲಗೋದು, ಮತ್ತೆ ಏಳೋದು. "ರಿವ್ಯೂ ಬರಿಯಮ್ಮ, ಸೈಟೇಷನ್ ತಾನಾಗೇ ಬರತ್ತೆ" ಅಂದಿದ್ರಂತೆ ಗೈಡ್. ಪೂರ್ತಿ ಸುಳ್ಳೇನಲ್ಲ ಅದು, 2005ರಲ್ಲಿ ಜಾಮಾ ಜರ್ನಲ್‌ನಲ್ಲಿ ಬಂದ ಸ್ಟಡಿ ಪ್ರಕಾರ ಬೇರೆ ಥರದ ಸ್ಟಡಿಗಳಿಗಿಂತ, ಇಂಥ ರಿವ್ಯೂಗಳಲ್ಲಿ ಹಲವು ಸ್ಟಡಿಗಳ ಅಂಕಿಅಂಶ ಸೇರಿಸಿ ಲೆಕ್ಕ ಹಾಕೋ ಮೆಟಾ ಅನಾಲಿಸಿಸ್‌ಗೇ ಸರಾಸರಿ ಸೈಟೇಷನ್ ಜಾಸ್ತಿ. ಆದ್ರೆ ಸರಾಸರಿ ನಂಬಿಕೊಂಡು ಒಂದು ಪೇಪರ್‌ನ ಹಣೆಬರಹ ಹೇಳಕ್ಕಾಗಲ್ಲ.

ಮೊದಲೆರಡು ಸೆಷನ್ ಬರೀ ನಿದ್ದೆ ಬಗ್ಗೆ, ಫೋನ್ ಬೇರೆ ರೂಮಲ್ಲಿ ಇಡೋದು ಇತ್ಯಾದಿ. ಮೂರನೇದ್ರಲ್ಲಿ ಕೇಳಿದೆ, "ನಾಳೆ ಎದ್ದಾಗ ಐವತ್ತು ಸೈಟೇಷನ್ ಬಂದಿದೆ ಅಂದ್ಕೊಳ್ಳಿ, ಹೇಗನ್ಸತ್ತೆ?" ನಗ್ತಾರೆ ಅಂದ್ಕೊಂಡಿದ್ದೆ. ಮುಖ ಬಾಡಿಹೋಯ್ತು.

"ಐವತ್ತು ಜನ ಓದಿದ್ರೆ ಒಬ್ರಾದ್ರೂ ಚೆಕ್ ಮಾಡ್ತಾರಲ್ಲ ಮೇಡಂ."

ಸ್ವಲ್ಪ ಹೊತ್ತು ಇಬ್ರೂ ಮಾತಾಡ್ಲಿಲ್ಲ. ಆಮೇಲೆ ಒಂದೊಂದಾಗಿ ಹೇಳಿದ್ರು. ರಿವ್ಯೂ ಹೇಗೆ ಮಾಡಿದ್ರು ಅಂತ ವರದಿ ಮಾಡಕ್ಕೆ ಇರೋ ಪ್ರಿಸ್ಮಾ 2020 ಚೆಕ್‌ಲಿಸ್ಟ್‌ನಲ್ಲಿ 27 ಅಂಶ ಇದಾವಲ್ಲ, ಅದ್ರಲ್ಲಿ ಪೇಪರ್‌ಗಳನ್ನ ಎಷ್ಟು ಜನ ಆರಿಸಿದ್ರು, ಒಬ್ರದ್ದು ಒಬ್ರು ನೋಡದೆ ಸ್ವತಂತ್ರವಾಗಿ ಮಾಡಿದ್ರಾ ಅಂತ ಬರೀಬೇಕು. ಇವರು "ಇಬ್ಬರು, ಸ್ವತಂತ್ರವಾಗಿ" ಅಂತ ಬರೆದಿದ್ರು. ಎರಡನೇ ಹೆಸರು ಲ್ಯಾಬ್‌ನ ಸೀನಿಯರ್‌ದು, ಆತ ಒಂದು ಅಬ್‌ಸ್ಟ್ರಾಕ್ಟೂ (ಪೇಪರ್‌ನ ಸಾರಾಂಶ) ತೆಗೆದು ನೋಡಿಲ್ಲ. ನೂರಾರು ಅಬ್‌ಸ್ಟ್ರಾಕ್ಟ್ ಇವರೊಬ್ರೇ ಮಗು ತೊಡೆ ಮೇಲೆ ಮಲಗಿಸ್ಕೊಂಡು ಓದಿದ್ದು, ನಾಲ್ಕೇ ತಿಂಗಳಲ್ಲಿ ಮುಗಿಸಿದ್ದು.

ಬಿಎಂಜೆ ಓಪನ್‌ನಲ್ಲಿ 2017ರಲ್ಲಿ ಬಂದ ಲೆಕ್ಕ ತೋರಿಸಿದೆ: ಪ್ರಾಸ್ಪೆರೋದಲ್ಲಿ (ರಿವ್ಯೂಗಳ ಯೋಜನೆ ಮುಂಚೆನೇ ದಾಖಲಿಸೋ ಪಟ್ಟಿ) ರಿಜಿಸ್ಟರ್ ಆದ ರಿವ್ಯೂಗಳು ಪ್ರಕಟ ಆಗಕ್ಕೆ ಸರಾಸರಿ 67 ವಾರ, ಲೇಖಕರು ಸರಾಸರಿ 5 ಜನ. "ಐದು ಜನ ಒಂದು ವರ್ಷದ ಮೇಲೆ ಮಾಡೋ ಕೆಲಸನ ನಿಮ್ಮೊಬ್ರ ತಲೆ ಮೇಲೆ ಹಾಕಿದ್ದು ತಪ್ಪು, ಆದ್ರೆ ಆ ಸಾಲು ಬರೆದಿದ್ದು ನೀವು" ಅಂದೆ. ಅತ್ತರು. ಆ ಮಾತು ಬೇರೆ ಥರ ಹೇಳ್ಬಹುದಿತ್ತಾ ಅಂತ ಈಗ್ಲೂ ಯೋಚಿಸ್ತೀನಿ, ಆದ್ರೆ ಎರಡರಲ್ಲಿ ಒಂದೇ ಹೇಳಿದ್ರೆ ಅದು ಸಲಹೆ ಆಗ್ತಿರ್ಲಿಲ್ಲ.

ನಾನು ಹೇಳಿದ್ದು ಇಷ್ಟು. ನಿಜವಾಗ್ಲೂ ಓದೋ ಎರಡನೇವ್ರನ್ನ ಹುಡುಕಿ ಸ್ಕ್ರೀನಿಂಗ್, ಅಂದ್ರೆ ಪೇಪರ್ ಆರಿಸೋ ಕೆಲಸ, ಮತ್ತೆ ಮಾಡಿ, ಫಲಿತಾಂಶ ಬದಲಾದ್ರೂ ಆಗದಿದ್ರೂ ಎಡಿಟರ್‌ಗೆ ತಿದ್ದುಪಡಿ ಕೇಳಿ ಬರೀರಿ. "ನಂದು ನೀನು ಸೈಟ್ ಮಾಡು, ನಿಂದು ನಾನು ಮಾಡ್ತೀನಿ" ಅನ್ನೋ ವಾಟ್ಸಾಪ್ ಗ್ರೂಪಿಂದ ಇವತ್ತೇ ಹೊರಗೆ ಬನ್ನಿ.

ಸಹೋದ್ಯೋಗಿ ಒಬ್ರು "ನೀವು ಕೌನ್ಸೆಲರ್, ಎಥಿಕ್ಸ್ ಕಮಿಟಿ ಅಲ್ಲ" ಅಂದ್ರು. ನಾನು ಯಾರಿಗೂ ಹೇಳಿಲ್ಲ, ತೀರ್ಮಾನ ಅವರದ್ದೇ. ಆದ್ರೆ ತಾನು ಬರೆದ ಒಂದು ಸಾಲಿಗೆ ಹೆದರಿ ನಿದ್ದೆ ಬಿಟ್ಟವರಿಗೆ ಉಸಿರಾಟದ ಅಭ್ಯಾಸ ಹೇಳಿಕೊಟ್ಟು ಕಳಿಸೋದು ನನ್ನ ಕೈಲಾಗಲ್ಲ.

ಸೈಟೇಷನ್ ಬೇಕು ಅನ್ನೋ ಆಸೆ ತಪ್ಪಲ್ಲ. ಆರೋಗ್ಯದ ಬಗ್ಗೆ ಇಂಥ ರಿವ್ಯೂಗಳನ್ನ ಮಾಡೋ ಕಾಕ್ರೇನ್ ಸಂಸ್ಥೆ ಲೋಗೋ ನೋಡಿ, ಅದ್ರಲ್ಲಿರೋ ಅಡ್ಡಗೆರೆಗಳು ಅವಧಿಗೆ ಮುಂಚೆ ಹೆರಿಗೆ ಆಗೋ ತಾಯಂದಿರಿಗೆ ಸ್ಟೆರಾಯ್ಡ್ ಕೊಟ್ಟು ನೋಡಿದ ಟ್ರಯಲ್‌ಗಳು. ಮೊದಲನೇದು ಪ್ರಕಟ ಆಗಿದ್ದು 1972ರಲ್ಲಿ. ಬಿಡಿಬಿಡಿಯಾಗಿ ನೋಡಿದ್ರೆ ಎಷ್ಟೋ ಟ್ರಯಲ್‌ಗಳಲ್ಲಿ ಉತ್ತರ ಖಚಿತ ಇರ್ಲಿಲ್ಲ, ಎಲ್ಲಾ ಸೇರಿಸಿದಾಗ ಕೂಸುಗಳು ಉಳೀತವೆ ಅನ್ನೋದು ಸ್ಪಷ್ಟ ಆಯ್ತು. ಹೆರಿಗೆ ವಾರ್ಡಲ್ಲಿ ನಿಂತ ಡಾಕ್ಟರಿಗೆ ಆ ಉತ್ತರ ಬೇಕಿತ್ತು. ಸ್ಟಡಿಗಳು ಒಂದಕ್ಕೊಂದು ಒಪ್ಪದೆ ಇರೋ ಕಡೆ, ಯಾರೋ ನಿರ್ಧಾರ ಮಾಡ್ಲೇಬೇಕಾದ ಕಡೆ ಕೇಳಿದ ಪ್ರಶ್ನೆ, ಬೇರೆಯವ್ರು ಹಾಗೇ ಮತ್ತೆ ಓಡಿಸಬಹುದಾದ ಸರ್ಚ್, ನೇರವಾಗಿ ಬಳಸಬಹುದಾದ ಟೇಬಲ್, ಇವಿದ್ರೆ ಜನ ಬರ್ತಾರೆ. ಜರ್ನಲ್ ಯಾವುದು, ಆ ವಿಷಯದಲ್ಲಿ ಕೆಲಸ ಮಾಡೋರು ಎಷ್ಟು ಜನ, ಇದೂ ಲೆಕ್ಕಕ್ಕೆ ಬರತ್ತೆ, ಅದು ನಮ್ಮ ಕೈಲಿಲ್ಲ. ಆದ್ರೆ ಸುಳ್ಳು ಸ್ಕ್ರೀನಿಂಗ್ ಮೇಲೆ ನಿಂತ ರಿವ್ಯೂ ಹೆಚ್ಚು ಸೈಟ್ ಆದಷ್ಟೂ ತಪ್ಪು ಹೆಚ್ಚು ದೂರ ಹೋಗತ್ತೆ, ಕೊನೆಗೆ ಅದು ಮುಟ್ಟೋದು ರೋಗಿನ.

ಆ ಹೆಣ್ಮಗಳು ಇನ್ನೊಬ್ಬ ಸ್ಕಾಲರ್ ಜೊತೆ ಸ್ಕ್ರೀನಿಂಗ್ ಮತ್ತೆ ಮಾಡಿದಾರೆ, ಮೂರು ಪೇಪರ್ ಬಿಟ್ಟುಹೋಗಿದ್ವಂತೆ. ಎಡಿಟರ್‌ಗೆ ಮೇಲ್ ಹೋಗಿ ಎರಡು ವಾರ ಆಯ್ತು, ಉತ್ತರ ಬಂದಿಲ್ಲ. ಗೈಡ್‌ಗೆ ಹೇಗೆ ಹೇಳೋದು ಅಂತ ಮಾತಾಡಕ್ಕೆ ಗುರುವಾರ ಬರ್ತಿದಾರೆ.