ನಾಮಿನಿ ಮೈದುನ, ಗಂಡನ ಪಿಎಫ್ ಹಣ ಯಾರಿಗೆ?

ಪ್ರಶ್ನೆ: ಪೀಣ್ಯದ ಕಾರ್ಖಾನೆಯೊಂದರಲ್ಲಿ ಕೆಲಸದಲ್ಲಿದ್ದಾಗಲೇ ನಮ್ಮ ಯಜಮಾನರು ತೀರಿಕೊಂಡರು. ಮದುವೆಗೆ ಮುಂಚೆ ಪಿಎಫ್‌ಗೆ ತಮ್ಮನನ್ನು ನಾಮಿನಿ ಮಾಡಿದ್ದರು, ಆಮೇಲೆ ಬದಲಿಸಲಿಲ್ಲ. ಹಣವೆಲ್ಲ ತನ್ನದೇ ಅನ್ನುತ್ತಾನೆ ಮೈದುನ. 8 ಮತ್ತು 5 ವರ್ಷದ ಇಬ್ಬರು ಮಕ್ಕಳಿದ್ದಾರೆ. ಅತ್ತೆಯೂ ಅವರ ದುಡಿಮೆಯನ್ನೇ ನಂಬಿದ್ದರು. ಬ್ಯಾಂಕ್ ಸಾಲವೂ ಇದೆ.

ಉತ್ತರ: ಮೈದುನನಿಗೆ ಒಂದು ರೂಪಾಯಿಯೂ ಸೇರುವುದಿಲ್ಲ, ಧೈರ್ಯವಾಗಿರಿ. 1952ರ ಪಿಎಫ್ ಯೋಜನೆಯ 61ನೇ ಪ್ಯಾರಾ ಪ್ರಕಾರ, ಕುಟುಂಬ ಇರುವವರು ಕುಟುಂಬದವರನ್ನೇ ನಾಮಿನಿ ಮಾಡಬೇಕು. ತಮ್ಮ ಆ ವ್ಯಾಖ್ಯೆಯೊಳಗೆ ಬರುವುದಿಲ್ಲ. ಆಶ್ರಯದಲ್ಲಿರುವ ತಾಯಿ ಬರುತ್ತಾರೆ; ಹಾಗಾಗಿ ನಾಮಿನಿ ಮಾಡುವಾಗಲೇ ಅತ್ತೆ ಮಗನ ಆಶ್ರಯದಲ್ಲಿದ್ದರೆ ಆ ನಾಮಿನೇಷನ್ ಮೊದಲಿನಿಂದಲೇ ಅಸಿಂಧು. ಇರದಿದ್ದರೂ ನಿಮ್ಮ ಮದುವೆಯೊಂದಿಗೆ ಬಿದ್ದುಹೋಯಿತು. ಈಗ ಹಣ ನಿಮಗೆ, ಇಬ್ಬರು ಮಕ್ಕಳಿಗೆ, ಅತ್ತೆಗೆ ನಾಲ್ಕು ಸಮಪಾಲು. ಅತ್ತೆಯ ಪಾಲನ್ನು ಅಲ್ಲಗಳೆಯಲು ಹೋಗಬೇಡಿ. ಅದು ಅವರ ಹಕ್ಕು, ತಕರಾರೆದ್ದರೆ ನಿಮ್ಮ ಪಾಲೂ ಕಚೇರಿಯಲ್ಲೇ ಕೊಳೆಯುತ್ತದೆ.

ಪಿಎಫ್ ಸದಸ್ಯರು ಸೇವೆಯಲ್ಲಿದ್ದಾಗ ತೀರಿಕೊಂಡರೆ ಸಿಗುವ ಇಡಿಎಲ್‌ಐ ವಿಮೆಯನ್ನು ಹಲವರು ಕೇಳುವುದೇ ಇಲ್ಲ. ಕೊನೆಯ 12 ತಿಂಗಳ ಸರಾಸರಿ ವೇತನದ (15,000 ರೂ. ಮಿತಿ) 35 ಪಟ್ಟು, ಜೊತೆಗೆ ಪಿಎಫ್ ಸರಾಸರಿ ಶಿಲ್ಕಿನ ಅರ್ಧ, ಒಟ್ಟು ಗರಿಷ್ಠ 7 ಲಕ್ಷ ರೂ. ಇದೂ ಪಿಎಫ್‌ನಂತೆಯೇ ಹಂಚಿಕೆಯಾಗುತ್ತದೆ.

ಪಿಎಫ್ ಜೊತೆಗೇ ಬರುವ ಪಿಂಚಣಿ ಮಾತ್ರ ಪೂರ್ತಿ ನಿಮ್ಮದು ಮತ್ತು ಮಕ್ಕಳದು. ಸೇವೆಯಲ್ಲಿದ್ದಾಗ ಸಾವಾದರೆ ಒಂದು ತಿಂಗಳ ವಂತಿಗೆ ಕಟ್ಟಿದ್ದರೂ ಸಾಕು. ವಿಧವಾ ಪಿಂಚಣಿ ತಿಂಗಳಿಗೆ ಕನಿಷ್ಠ 1,000 ರೂ.; ಪ್ರತಿ ಮಗುವಿಗೆ ಅದರ ಶೇ 25, 25 ವರ್ಷ ತುಂಬುವವರೆಗೆ.

ಮೊದಲು ಕಾರ್ಖಾನೆಯ ಎಚ್‌ಆರ್ ಬಳಿ ಹೋಗಿ, ಪಿಎಫ್ ಪೋರ್ಟಲ್‌ನಲ್ಲಿ ಕೆಲಸ ಬಿಟ್ಟ ಕಾರಣ 'ಸೇವೆಯಲ್ಲಿದ್ದಾಗ ಮರಣ' ಎಂದೇ ದಾಖಲಾಗಿದೆಯೇ ನೋಡಿ. ಅಲ್ಲಿ 'ರಾಜೀನಾಮೆ' ಅಂತ ಬಿದ್ದಿದ್ದರೆ ವಿಮೆಯ ಅರ್ಜಿ ತಿರಸ್ಕೃತವಾಗುತ್ತದೆ. ಆಮೇಲೆ ಮರಣ ಪ್ರಕರಣಗಳ ಸಂಯುಕ್ತ ಕ್ಲೇಮ್ ಫಾರ್ಮ್ ತುಂಬಿ. ಪಿಎಫ್, ಪಿಂಚಣಿ, ವಿಮೆ ಮೂರಕ್ಕೂ ಅದೊಂದೇ. ಮರಣ ಪ್ರಮಾಣಪತ್ರ, ನಾಡಕಚೇರಿಯ ವಂಶವೃಕ್ಷ ದೃಢೀಕರಣ, ಆಧಾರ್, ಮಕ್ಕಳ ಜನನ ಪ್ರಮಾಣಪತ್ರ, ರದ್ದುಮಾಡಿದ ಚೆಕ್ ಲಗತ್ತಿಸಿ. ಅತ್ತೆ ತಮ್ಮ ಪಾಲಿಗೆ ಬೇರೆ ಅರ್ಜಿ ಹಾಕಲಿ. ಪಿಎಫ್ ದಾಖಲೆಯಲ್ಲಿ ಯಜಮಾನರ ಇನಿಷಿಯಲ್, ಆಧಾರ್‌ನಲ್ಲಿ ಪೂರ್ಣ ಹೆಸರು ಇದ್ದರೆ ಅದನ್ನು ಮೊದಲೇ ಸರಿಪಡಿಸಿಕೊಳ್ಳಿ. ಅರ್ಜಿಗಳು ಮುಗ್ಗರಿಸುವುದು ಬಹುಪಾಲು ಇಲ್ಲೇ.

ಅವರ ಸಾಲಕ್ಕೆ ಪಿಎಫ್ ಹಣವನ್ನು ಬ್ಯಾಂಕು ಜಪ್ತಿ ಮಾಡಿಸುವಂತಿಲ್ಲ. ಆದರೂ ಸಾಲವಿರುವ ಬ್ಯಾಂಕಿನ ಜಂಟಿ ಖಾತೆ ಕೊಡದೆ, ನಿಮ್ಮೊಬ್ಬರ ಹೆಸರಿನ ಖಾತೆ ಕೊಡಿ. ಗ್ರಾಚ್ಯುಟಿಯನ್ನು (ಸೇವೆಗೆ ಮಾಲೀಕರು ಕೊಡುವ ಇಡಿಗಂಟು) ಕಾರ್ಖಾನೆಯವರಿಂದಲೇ ಕೇಳಿ. ಮರಣವಾದಾಗ 5 ವರ್ಷ ಸೇವೆಯ ಷರತ್ತು ಇಲ್ಲ.