ಕಾಗೆ ಎಲ್ಲಿ ಕೂತಿದೆ ಎಂಬುದನ್ನು ಮೊದಲು ಬರೆಯಿರಿ

ಪ್ರಿಯ ಲೇಖಕರೇ,

ನಮಸ್ಕಾರ. ಯುರೋಪಿನ ರಮ್ಯ (ರೊಮ್ಯಾಂಟಿಕ್) ಯುಗದ, ಅಂದರೆ ಸುಮಾರು ಹದಿನೆಂಟನೇ ಶತಮಾನದ ಕೊನೆಯಿಂದ ಹತ್ತೊಂಬತ್ತರ ಮಧ್ಯದವರೆಗಿನ, ಭೂದೃಶ್ಯ ಚಿತ್ರಗಳಲ್ಲಿ ಕಾಡುಪ್ರಾಣಿಗಳ ಸಂಕೇತಾರ್ಥ ಕುರಿತು ನೀವು ಕಳಿಸಿದ ಲೇಖನವನ್ನು ಈಗಿನ ರೂಪದಲ್ಲಿ ಪ್ರಕಟಿಸಲಾಗುವುದಿಲ್ಲ. ಕನ್ನಡದಲ್ಲಿ ಈ ವಿಷಯ ಕೈಗೆತ್ತಿಕೊಳ್ಳುವವರು ಕಡಿಮೆ. ನೀವು ಇದನ್ನು ಬಿಡಬಾರದು ಎಂಬ ಆಸೆಯಿಂದ ತೊಡಕು ಎಲ್ಲಿದೆ ಎಂದು ಬಿಡಿಸಿ ಬರೆಯುತ್ತಿದ್ದೇವೆ.

ಹದಿನಾಲ್ಕು ಚಿತ್ರಗಳು, ಹೆಚ್ಚಿನವಕ್ಕೆ ಒಂದೊಂದು ಪ್ಯಾರಾ. ಕಾಗೆ ಎಂದರೆ ಸಾವು, ಸಾರಂಗ ಎಂದರೆ ಸ್ವಾತಂತ್ರ್ಯ, ಸಿಂಹ ಎಂದರೆ ಪ್ರಕೃತಿಯ ಕ್ರೌರ್ಯ. ಇಷ್ಟನ್ನು ಹೇಳಲು ಚಿತ್ರ ನೋಡಬೇಕಾಗಿಯೇ ಇಲ್ಲ. ಪ್ರಾಣಿ ಚಿತ್ರದ ಯಾವ ಭಾಗದಲ್ಲಿದೆ, ಎಷ್ಟು ದೊಡ್ಡದಿದೆ, ಯಾರಿಗೆ ಕಾಣುತ್ತದೆ, ಏನು ಮಾಡುತ್ತಿದೆ ಎಂಬುದರಿಂದಲೇ ಅರ್ಥ ಹುಟ್ಟುತ್ತದೆ. ನಿಮ್ಮ ಲೇಖನದಲ್ಲಿ ಇಲ್ಲದಿರುವುದು ಅದೇ.

ಜರ್ಮನ್ ಚಿತ್ರಕಾರ ಕಾಸ್ಪರ್ ಡಾವಿಡ್ ಫ್ರೀಡ್ರಿಶ್ ಅವರ ಎರಡು ಚಿತ್ರಗಳನ್ನು ನೀವು ಒಂದೇ ವಾಕ್ಯದಲ್ಲಿ ಮುಗಿಸಿದ್ದೀರಿ. 1814ರ ಚಿತ್ರದಲ್ಲಿ ಒಬ್ಬಂಟಿ ಫ್ರೆಂಚ್ ಸೈನಿಕ ನಮಗೆ ಬೆನ್ನು ಮಾಡಿ, ಹಿಮ ಕೂತ ಎತ್ತರದ ಮರಗಳ ಮುಂದೆ ನಿಂತಿದ್ದಾನೆ. ಕಾಗೆ ಇರುವುದು ಅವನ ಹಿಂದೆ, ನಮಗೆ ಹತ್ತಿರದಲ್ಲಿ, ಕಡಿದ ಮರದ ಮೋಟಿನ ಮೇಲೆ. ಅವನಿಗೆ ಅದು ಕಾಣುವುದಿಲ್ಲ, ನಮಗೆ ಕಾಣುತ್ತದೆ. ಅವನ ಗತಿ ಅವನಿಗಿಂತ ಮೊದಲೇ ನಮಗೆ ತಿಳಿಯುವುದು ಇದರಿಂದ. ಜರ್ಮನಿಯ ಲೈಪ್‌ಜಿಗ್‌ನಲ್ಲಿ ಫ್ರೆಂಚ್ ಚಕ್ರವರ್ತಿ ನೆಪೋಲಿಯನ್ ಸೋತದ್ದು ಅದರ ಹಿಂದಿನ ವರ್ಷ, 1813ರಲ್ಲಿ. ಚಿತ್ರ ಬರ್ಲಿನ್‌ನಲ್ಲಿ ಪ್ರದರ್ಶನಗೊಂಡಾಗ ಅಲ್ಲಿನ ಪತ್ರಿಕೆಯೊಂದು, ಆ ಪಕ್ಷಿ ಸೈನಿಕನಿಗೆ ಸಾವಿನ ಹಾಡು ಹಾಡುತ್ತಿದೆ ಎಂದೇ ಓದಿಕೊಂಡಿತು. ಇಲ್ಲಿ ‘ಸಾವು’ ಎನ್ನಲು ನಿಮಗೆ ಆ ಕಾಲದ ಸಾಕ್ಷಿ ಸಿಗುತ್ತದೆ. ಅದನ್ನು ಬಳಸಿ.

ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿರುವ, ಅವರ ಸುಮಾರು 1822ರ ಕಾಗೆ ಮರದ ಚಿತ್ರ ಬೇರೆಯದೇ ಮಾತು. ಅಲ್ಲಿ ಮನುಷ್ಯನೇ ಇಲ್ಲ. ತಿರುಚಿಕೊಂಡ ಓಕ್ ಮರ, ಅದರ ಬಳಿ ಪ್ರಾಚೀನ ಸಮಾಧಿಯ ದಿಬ್ಬ, ದೂರದಲ್ಲಿ ಬಾಲ್ಟಿಕ್ ಸಮುದ್ರದ ರ‍್ಯೂಗೆನ್ ದ್ವೀಪದ ಸುಣ್ಣಕಲ್ಲಿನ ಕಡಿದಾದ ತೀರ, ಹಿಂದೆ ಹಳದಿ ಕೆಂಪಿನ ಆಕಾಶ. ಕಾಗೆಗಳಲ್ಲಿ ಕೆಲವು ಕೂತಿವೆ, ಉಳಿದವು ಹಾರುತ್ತಿವೆ. ಕತ್ತಲೆ ಮುಂಭಾಗದಲ್ಲಿದೆ, ಬೆಳಕು ಆಚೆ ಇದೆ. ಆ ಬೆಳಕಿನ ಬಗ್ಗೆ ಒಂದು ಮಾತೂ ಆಡದೆ ಸಾವು ಎಂದು ಬರೆದರೆ ಅರ್ಧ ಚಿತ್ರವನ್ನು ಬಿಟ್ಟಂತಾಯಿತು.

ಇಲ್ಲಿಯೇ ನೀವು ಪಿಂಡ ಮುಟ್ಟುವ ಕಾಗೆಯನ್ನು ತಂದಿದ್ದೀರಿ. ನಮ್ಮಲ್ಲಿ ಕಾಗೆ ಬಂದರೆ ಮನೆಯವರಿಗೆ ಸಮಾಧಾನ, ಬಾರದಿದ್ದರೆ ಆತಂಕ. ಬಾಲ್ಟಿಕ್ ಕರಾವಳಿಯ ಲೂಥರನ್ ಮನೆತನದಲ್ಲಿ ಬೆಳೆದ ಫ್ರೀಡ್ರಿಶ್ ಅವರ ಕಾಗೆಗೆ ಆ ಭಾವವಿಲ್ಲ. ಅಲ್ಲಿನ ಕಲ್ಪನೆಯಲ್ಲಿ ಅದು ರಣರಂಗದ, ಗಲ್ಲುಗಂಬದ ಪಕ್ಷಿ. ಎರಡನ್ನೂ ಕಲಸಬೇಡಿ. ಕನ್ನಡ ಓದುಗರು ತಮ್ಮ ಕಾಗೆಯನ್ನು ಹೇಗೂ ಜೊತೆಗೆ ತರುತ್ತಾರೆ, ಆದ್ದರಿಂದ ವ್ಯತ್ಯಾಸವನ್ನು ಒಂದು ಸಾಲಿನಲ್ಲಿ ಹೇಳಿದರೆ ಸಾಕು.

ಇಂಗ್ಲಿಷ್ ಚಿತ್ರಕಾರ ಟರ್ನರ್ ಅವರ 1844ರ ರೈಲಿನ ಚಿತ್ರ ‘ಮಳೆ, ಹಬೆ ಮತ್ತು ವೇಗ’ದಲ್ಲಿ (91 × 121.8 ಸೆಂ.ಮೀ., ಲಂಡನ್ನಿನ ನ್ಯಾಷನಲ್ ಗ್ಯಾಲರಿ) ‘ಮೊಲ ಸ್ಪಷ್ಟವಾಗಿ ಕಾಣುತ್ತದೆ’ ಎಂದಿದ್ದೀರಿ. ಕಾಣುವುದಿಲ್ಲ. ಅದು ಎಂಜಿನ್ನಿನ ಮುಂದೆ, ಹಳಿಯ ಮೇಲೆ, ಬಹಳ ಚಿಕ್ಕದಾಗಿ, ತೆಳು ಬಣ್ಣದಲ್ಲಿ ಬರೆದದ್ದು. ಕಾಲ ಕಳೆದಂತೆ ಬಣ್ಣ ಪಾರದರ್ಶಕವಾಗಿ ಈಗ ಹುಡುಕಿ ನೋಡಬೇಕು. ಪುಸ್ತಕದ ಮುದ್ರಣದಲ್ಲಂತೂ ಮಾಯವಾಗುತ್ತದೆ. 1859ರ ಕೆತ್ತನೆ ಪ್ರತಿಯಲ್ಲಿ ಸ್ಪಷ್ಟವಾಗಿದೆ, ಅದನ್ನು ಪಕ್ಕದಲ್ಲಿಟ್ಟುಕೊಂಡು ನೋಡಿ. ಟರ್ನರ್ ಈ ಚಿತ್ರಕ್ಕೆ ಕೊನೆಯ ಕೈ ಹಾಕುತ್ತಿದ್ದಾಗ ಪಕ್ಕದಲ್ಲಿ ನಿಂತಿದ್ದ ಬಾಲಕ ಜಾರ್ಜ್ ಲೆಸ್ಲಿ, ಅವರು ತನಗೆ ಮೊಲವನ್ನು ತೋರಿಸಿದ್ದನ್ನು ಮುಂದೆ ದಾಖಲಿಸಿದ್ದಾರೆ. ಚಿತ್ರದ ಹೆಸರಿನಲ್ಲಿರುವ ‘ವೇಗ’ ರೈಲಿನದಲ್ಲ, ಮೊಲದ್ದು ಎಂಬುದು ಲೆಸ್ಲಿಯವರ ಅಭಿಪ್ರಾಯ. ಟರ್ನರ್ ಬೆರಳಿಟ್ಟು ತೋರಿಸಿದ್ದು ಸಾಕ್ಷಿ, ಲೆಸ್ಲಿ ಅದರಿಂದ ಊಹಿಸಿದ್ದು ವ್ಯಾಖ್ಯಾನ. ‘ಯಂತ್ರದ ಮುಂದೆ ಪ್ರಕೃತಿ ಸೋತಿತು’ ಎಂಬ ನಿಮ್ಮ ತೀರ್ಮಾನವೂ ವ್ಯಾಖ್ಯಾನವೇ. ಮೊಲ ಇನ್ನೂ ಸಿಕ್ಕಿಬಿದ್ದಿಲ್ಲ, ಮುಂದೆ ಓಡುತ್ತಿದೆ ಎಂಬುದನ್ನು ಗಮನಿಸಿದರೆ ನೀವೇ ಆ ವಾಕ್ಯವನ್ನು ಬದಲಿಸಬಹುದು.

ಸೂರ್ಯೋದಯ ಮತ್ತು ಕಡಲ ರಾಕ್ಷಸರ ಚಿತ್ರದ ಪ್ಯಾರಾವನ್ನು ಪೂರ್ತಿ ತೆಗೆಯಿರಿ. ಟರ್ನರ್ ಅದನ್ನು ಮುಗಿಸಲಿಲ್ಲ, ಹೆಸರೂ ಅವರಿಟ್ಟದ್ದಲ್ಲ. ಅಲ್ಲಿರುವುದು ಬರೀ ಮೀನುಗಳಿರಬಹುದು. ಬೇರೆಯವರಿಟ್ಟ ಹೆಸರಿನ ಮೇಲೆ ಸಂಕೇತ ಕಟ್ಟಿದರೆ ನಿಲ್ಲುವುದಿಲ್ಲ.

ಇಂಗ್ಲಿಷ್ ಚಿತ್ರಕಾರ ಲ್ಯಾಂಡ್‌ಸೀರ್ ಅವರ 1851ರ ಸಾರಂಗವನ್ನು ‘ಭೂದೃಶ್ಯ’ ಎಂದಿದ್ದೀರಿ. 163.8 × 168.9 ಸೆಂ.ಮೀ. ಕ್ಯಾನ್ವಾಸಿನ ಬಹುಭಾಗ ಪ್ರಾಣಿಯದೇ. ಬೆಟ್ಟ, ಮಂಜು ಅದಕ್ಕೆ ಹಿನ್ನೆಲೆ ಮಾತ್ರ. ಇನ್ನು ಸ್ವಾತಂತ್ರ್ಯದ ಮಾತು. ಚಿತ್ರ ಬರೆದದ್ದು ಬ್ರಿಟಿಷ್ ಸಂಸತ್ತಿನ ಪ್ರಭುಗಳ ಸಭೆಯ ಉಪಾಹಾರ ಕೊಠಡಿಗಳಿಗಾಗಿ. 150 ಪೌಂಡ್ ಕೊಡಲು ಸಂಸತ್ತಿನ ಕೆಳಮನೆಯಾದ ಕಾಮನ್ಸ್ ಸಭೆ ಒಪ್ಪಲಿಲ್ಲ. ಸ್ಕಾಟ್ಲೆಂಡಿನ ಬೆಟ್ಟಗಳಿಂದ ರೈತರನ್ನು ಒಕ್ಕಲೆಬ್ಬಿಸಿ, ಆ ನೆಲ ಕುರಿಗಳಿಗೂ ಶ್ರೀಮಂತರ ಬೇಟೆಗೂ ಹೋಗುತ್ತಿದ್ದ ಕಾಲ ಅದು. ಹನ್ನೆರಡು ಕವಲಿನ ಆ ಕೊಂಬು ಬೇಟೆಗಾರನ ಕಣ್ಣಿಗೆ ಬಹುಮಾನ. ಇದನ್ನು ಹೇಳದೆ ಸ್ವಾತಂತ್ರ್ಯ ಎನ್ನುವುದು ಒಕ್ಕಲೆದ್ದವರಿಗೆ ಮಾಡುವ ಅನ್ಯಾಯ.

ಫ್ರೆಂಚ್ ಚಿತ್ರಕಾರ ದೆಲಾಕ್ರವಾ ಸಿಂಹಗಳನ್ನು ಆಫ್ರಿಕದ ಕಾಡಿನಲ್ಲಿ ಅಧ್ಯಯನ ಮಾಡಿದರೆಂದು ಬರೆದದ್ದನ್ನು ತಿದ್ದಿ. ಪ್ಯಾರಿಸ್ಸಿನ ಸಸ್ಯೋದ್ಯಾನದ ಪ್ರಾಣಿಶಾಲೆಯಲ್ಲಿ, ಶಿಲ್ಪಿ ಆಂತ್ವಾನ್-ಲೂಯಿ ಬಾರಿ ಅವರ ಜೊತೆ ಕೂತು ಬರೆದ ರೇಖಾಚಿತ್ರಗಳೇ ಅವರ ಆಧಾರ. ಇಂಗ್ಲಿಷ್ ಚಿತ್ರಕಾರ ಸ್ಟಬ್ಸ್ ಅವರ ಸಿಂಹ ಮತ್ತು ಕುದುರೆಯ ಚಿತ್ರದ ವಸ್ತು ರೋಮಿನ ಪ್ರಾಚೀನ ಅಮೃತಶಿಲೆಯ ಶಿಲ್ಪಕ್ಕೆ ಋಣಿ. ಹಿನ್ನೆಲೆಯ ಬಂಡೆಗಳು ಇಂಗ್ಲೆಂಡಿನ ಕ್ರೆಸ್‌ವೆಲ್ ಕಣಿವೆಯವು. ಪ್ರಾಣಿ ಒಂದು ಕಡೆಯದು, ನೆಲ ಇನ್ನೊಂದು ಕಡೆಯದು. ಇಂಥ ಜೋಡಣೆಯನ್ನು ಪತ್ತೆಹಚ್ಚುವುದೇ ನಿಮ್ಮ ಲೇಖನದ ಮುಖ್ಯ ಕೆಲಸವಾಗಲಿ.

ತಿದ್ದುವಾಗ ಹೀಗೆ ಮಾಡಿ. ಮೂರೇ ಚಿತ್ರ ಇಟ್ಟುಕೊಳ್ಳಿ. ವಸ್ತುಸಂಗ್ರಹಾಲಯದ ಜಾಲತಾಣದಿಂದ ದೊಡ್ಡ ಗಾತ್ರದ ಪ್ರತಿ ತೆಗೆದುಕೊಳ್ಳಿ. ಬೇರೆ ಕಡೆಯ ಪ್ರತಿಗಳಲ್ಲಿ ಅಂಚು ಕತ್ತರಿಸಿರುತ್ತದೆ, ಅಂಚಿನಲ್ಲಿರುವ ಪ್ರಾಣಿಯೇ ಹೋಗಿಬಿಡುತ್ತದೆ. ಪ್ರಾಣಿಯ ಎತ್ತರವನ್ನು ಸ್ಕೇಲಿನಿಂದ ಅಳೆದು ಚಿತ್ರದ ಎತ್ತರದಿಂದ ಭಾಗಿಸಿ. ಹತ್ತನೇ ಒಂದು ಭಾಗವೋ, ಅರ್ಧವೋ ಎಂಬುದರ ಮೇಲೆ ನಿಮ್ಮ ವಾದವೇ ಬದಲಾಗುತ್ತದೆ. ಕಂಡದ್ದನ್ನು ಐದಾರು ವಾಕ್ಯಗಳಲ್ಲಿ, ‘ಸಂಕೇತ’ ಎಂಬ ಪದ ಬಳಸದೆ ಬರೆಯಿರಿ. ನಂತರ ಕಲಾವಿದರ ಮಾತು, ಪೂರ್ವಭಾವಿ ರೇಖಾಚಿತ್ರ, ಆ ಕಾಲದ ವಿಮರ್ಶೆ ಸಿಕ್ಕರೆ ತನ್ನಿ. ನಿಮ್ಮ ಓದು ಕೊನೆಗೆ ಬರಲಿ, ಅದು ನಿಮ್ಮದೆಂದು ತಿಳಿಯುವ ಹಾಗೆ.

ಟಿಪ್ಪುವಿನ ಮರದ ಹುಲಿಯ ಕೊನೆಯ ಪುಟ ಚೆನ್ನಾಗಿದೆ, ಆದರೆ ಅದು ಭೂದೃಶ್ಯವಲ್ಲ. ಬೇರೆ ಲೇಖನಕ್ಕೆ ಎತ್ತಿಡಿ. ಭಾರತದ ನಂಟು ಬೇಕೇ ಬೇಕೆಂದರೆ ಸ್ಟಬ್ಸ್ ಅವರ ಚೀತಾ ಚಿತ್ರವಿದೆ. ರಮ್ಯ ಯುಗಕ್ಕೆ ತುಸು ಮುಂಚಿನದು, 1764–65ರ ಸುಮಾರಿನದು, ಮ್ಯಾಂಚೆಸ್ಟರ್‌ನಲ್ಲಿದೆ. ಮದರಾಸಿನ ಗವರ್ನರ್ ಆಗಿದ್ದ ಜಾರ್ಜ್ ಪಿಗಟ್ ಬ್ರಿಟನ್ನಿನ ಮೂರನೇ ಜಾರ್ಜ್ ದೊರೆಗೆ ಕೊಟ್ಟ ಚೀತಾ, ಜೊತೆಗೆ ಇಬ್ಬರು ಭಾರತೀಯ ಪರಿಚಾರಕರು, ಎದುರಿಗೆ ಸಾರಂಗ. ಇಂಗ್ಲೆಂಡಿನ ವಿಂಡ್ಸರ್‌ನಲ್ಲಿ ಚೀತಾವನ್ನು ಸಾರಂಗದ ಮೇಲೆ ನಿಜವಾಗಿ ಬಿಟ್ಟಾಗ ಸಾರಂಗವೇ ಚೀತಾವನ್ನು ಹಿಮ್ಮೆಟ್ಟಿಸಿತು. ಚಿತ್ರದಲ್ಲಿ ಆ ಸೋಲು ಇಲ್ಲ. ಏಕಿಲ್ಲ ಎಂಬುದರಿಂದ ಶುರುಮಾಡಬಹುದು.

1,500 ಪದಗಳೊಳಗೆ ಇರಲಿ. ಪ್ರತಿ ಚಿತ್ರದ ಅಡಿಯಲ್ಲಿ ಹೆಸರು, ವರ್ಷ, ಮಾಧ್ಯಮ, ಅಳತೆ, ಈಗಿರುವ ಸ್ಥಳ ಬರೆದು, ಫೋಟೋ ಬಳಕೆಗೆ ಸಂಗ್ರಹಾಲಯದ ಅನುಮತಿ ಬೇಕೇ ಎಂದು ವಿಚಾರಿಸಿ ಕಳಿಸಿ.

ಸಂಪಾದಕರು